ಅಮಾಸಿಯ ಕೀಲಿ, ಎರಡು ಕಂಪ್ಯೂಟರು

"ವಿಂಡೋಸ್ ಛಲೋನೋ ಲಿನಕ್ಸ್ ಛಲೋನೋ?" ಅಂತ ಯಾರಾದರೂ ಕೇಳಿದರೆ ಮೊದಲೆಲ್ಲ ನಾನು ಕುರ್ಚಿ ಎಳೆದುಕೊಂಡು ಕೂತು ತಾಸುಗಟ್ಟಲೆ ಹೇಳುತ್ತಿದ್ದೆ. ಈಗ ಕೇಳಿದವರಿಗೆ ನಾನೇ ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ: ನಿಮ್ಮಲ್ಲಿ ಮೇನ್ ಸ್ವಿಚ್ ಯಾರ ಕೈಯಾಗ ಐತಿ? ಕೇಳಿದವರು ನಗುತ್ತಾರೆ. ನಗಲಿ. ಬನಹಟ್ಟಿಯ ಆ ಅಮಾಸಿ ಮಧ್ಯಾಹ್ನ ಅವರು ನನ್ನ ಜೊತೆ ಒಳಗೆ ಸಿಕ್ಕಿಕೊಂಡಿದ್ದರೆ ನಗು ಬರುತ್ತಿರಲಿಲ್ಲ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಅಂತ ಬಸ್ಸು ಹತ್ತಿ ಇಳಿದು ಕಂಪ್ಯೂಟರ್ ರಿಪೇರಿ ಮಾಡುವವಳು ನಾನು. ಬನಹಟ್ಟಿಯ ಒಂದು ನೇಕಾರರ ಸಂಘದ ಕೆಲಸವೂ ನನ್ನದೇ ಇತ್ತು. ಸಂಘದ ಮಗ್ಗದ ಶೆಡ್ಡಿನ ಹಿಂಬದಿಯಲ್ಲಿ ಒಂದು ಸಣ್ಣ ಕೋಣೆ. ಅಲ್ಲಿ ಸೀರೆ ಅಂಚಿನ ಡಿಸೈನು ಕಂಪ್ಯೂಟರಿನಲ್ಲಿ ತಯಾರಾಗುತ್ತದೆ. ಪಕ್ಕದಲ್ಲೇ ಒಂದು ಪಂಚಿಂಗ್ ಯಂತ್ರ. ಕಂಪ್ಯೂಟರ್ ಹೇಳಿದಂತೆ ಅದು ರಟ್ಟಿನ ಕಾರ್ಡಿಗೆ ತೂತು ಹೊಡೆಯುತ್ತದೆ. ಒಂದೊಂದು ಕಾರ್ಡೂ ಮಗ್ಗಕ್ಕೆ ಯಾವ ಎಳೆ ಎತ್ತಬೇಕು, ಯಾವುದನ್ನು ಬಿಡಬೇಕು ಅಂತ ಹೇಳುತ್ತದೆ. ಆ ಕಾರ್ಡುಗಳನ್ನು ಸಾಲಾಗಿ ದಾರದಿಂದ ಹೆಣೆದು ಮಗ್ಗದ ಮೇಲೆ ತೂಗುಹಾಕಿದರೆ ಅಂಚಿನಲ್ಲಿ ನವಿಲೋ ಗೋಪುರವೋ ಮೂಡುತ್ತದೆ. ಪಂಚಿಂಗ್ ನಡುವೆ ಕಂಪ್ಯೂಟರ್ ಕೈಕೊಟ್ಟರೆ ಎಲ್ಲಿಗೆ ನಿಂತಿತು ಅಂತ ತಿಳಿಯುವುದಿಲ್ಲ. ಅಂದಾಜಿನ ಮೇಲೆ ಮುಂದುವರಿಸಿದರೆ ನವಿಲಿಗೆ ಎರಡು ಕುತ್ತಿಗೆ ಬರುತ್ತವೆ. ಬಂದಿವೆ ಕೂಡ.

ಆ ಕೋಣೆಯ ಒಡತಿ ಒಬ್ಬ ಅಕ್ಕ. ನೇಕಾರರ ಮನೆತನದವಳು. ಮೊದಲು ಚೌಕಳಿ ಹಾಳೆಯ ಮೇಲೆ ಕೈಯಿಂದ ಅಂಚು ಬರೆಯುತ್ತಿದ್ದಳು, ಆಮೇಲೆ ಕಂಪ್ಯೂಟರಿಗೆ ಕೂತಳು. ಅವಳಿಗೆ ಬರುವುದು ಒಂದೇ ಡಿಸೈನ್ ಸಾಫ್ಟ್‌ವೇರ್, ಆ ಸಾಫ್ಟ್‌ವೇರ್ ಓಡುವುದು ವಿಂಡೋಸಿನ ಮೇಲೆ ಮಾತ್ರ. ದಿನಾ ಮುಂಜಾನೆ ಬಂದವಳೇ ಕಂಪ್ಯೂಟರಿನ ಡಬ್ಬಿಗೆ ಕುಂಕುಮ ಹಚ್ಚಿ, ಕೈಮುಗಿದು, ಬಟನ್ ಒತ್ತುತ್ತಿದ್ದಳು.

ತಂಟೆ ಶುರುವಾಗಿದ್ದು ಪೆನ್‌ಡ್ರೈವಿನಿಂದ. ಸಂಘದ ಸದಸ್ಯರು ಚಿಮ್ಮಡದಿಂದ, ರಬಕವಿಯಿಂದ ತಮ್ಮ ತಮ್ಮ ಹಳೆ ಡಿಸೈನು ಪೆನ್‌ಡ್ರೈವಿನಲ್ಲಿ ತರುತ್ತಾರೆ. ಅದಲುಬದಲು ಆಗಬಾರದು ಅಂತ ಪ್ರತಿ ಮನೆಯವರೂ ತಮ್ಮ ಮಗ್ಗದ ನೂಲಿನ ಗೊಂಡೆ ಅದಕ್ಕೆ ಕಟ್ಟಿರುತ್ತಾರೆ. ಕೆಂಪು ಗೊಂಡೆ, ಹಸಿರು ಗೊಂಡೆ, ನೋಡಲು ಚೆಂದ. ಅಂಥ ಒಂದು ಚೆಂದದ ಗೊಂಡೆಯ ಜೊತೆ ವೈರಸ್ ಬಂದು ಅಕ್ಕನ ಡಿಸೈನುಗಳನ್ನೆಲ್ಲ ಬೀಗ ಹಾಕಿದ ಹಾಗೆ ಮುಚ್ಚಿಬಿಟ್ಟಿತು. ನಾನು ಬಂದು ಎಲ್ಲ ತೊಳೆದು, ಹೊಸ ವಿಂಡೋಸ್ ಕೂಡಿಸಿ, ಇನ್ನು ಮುಂದೆ ಭದ್ರತೆಯ ಅಪ್‌ಡೇಟ್ ತಾನಾಗಿಯೇ ಆಗುವಂತೆ ಮಾಡಿದೆ. ಕಳೆದ ಡಿಸೈನು ಅಕ್ಕ ಮತ್ತೆ ಬರೆದಳು.

ಇಷ್ಟಕ್ಕೇ ಮುಗಿದಿದ್ದರೆ ಛಲೋ ಇತ್ತು. ಮುಂದಿನ ಅಮಾಸಿ ಮರುದಿನ ಅವಳ ಕಂಪ್ಯೂಟರು ಏಳಲೇ ಇಲ್ಲ. ನೀಲಿ ತೆರೆ ಬರುವುದು, ಆರುವುದು, ಮತ್ತೆ ಬರುವುದು. ನಾನು ದಿನವಿಡೀ ಕೂತು ಎಬ್ಬಿಸಿದೆ. ಅದರ ಮುಂದಿನ ಅಮಾಸಿ ಮರುದಿನವೂ ಅದೇ ಹಾಡು. ಕಾರ್ಡಿಗಾಗಿ ಕಾಯುವ ಮಗ್ಗಗಳು ಖಾಲಿ ನಿಂತವು, ಸದಸ್ಯರು ಕೋಣೆಯ ಬಾಗಿಲಿಗೆ ಬಂದು ಬಾಯಿಗೆ ಬಂದಂತೆ ಮಾತಾಡಿದರು. "ಈಕಿ ಕೈಗುಣಾನ ಸರಿ ಇಲ್ಲ" ಅಂದರು ಕೆಲವರು. ಅಕ್ಕ, "ನಾ ಏನೂ ಮಾಡಿಲ್ರಿ, ಬಂದ್ ಮಾಡಿ ಹೋಗೇನಿ ಅಷ್ಟ" ಅಂದಳು. ನಾನೂ ಸಿಟ್ಟಿನಲ್ಲಿದ್ದೆ. "ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಲಂತ, ಹಂಗ ಆತು" ಅಂದುಬಿಟ್ಟೆ. ಅಕ್ಕ ಕನ್ನಡಕ ಒರೆಸಿಕೊಂಡಳು.

ಸಂಘದ ಅಧ್ಯಕ್ಷರು ನನ್ನನ್ನು ಕರೆದರು. ಅವರ ಸಿಟ್ಟು ವಿಂಡೋಸಿನ ಮೇಲೆ.

"ತಂಗಿ, ನೀ ಯಾವಾಗಲೂ ಆ ಲಿನಕ್ಸು ಲಿನಕ್ಸು ಅಂತಿರ್ತಿಯಲ್ಲ. ಅದು ಬೀಳಂಗಿಲ್ಲೇನು?"

"ಬೀಳಂಗಿಲ್ರಿ. ವೈರಸ್ಸೂ ಅದಕ್ಕ ಹಂಗ ಹತ್ತಂಗಿಲ್ಲ."

"ಹಂಗಾರ ಎರಡೂ ಬಾಜೂ ಬಾಜೂ ಇಡು. ಈ ಅಮಾಸಿ ದಾಟ್ಲಿ. ಯಾವುದು ನಿಂತಿತು ಅದನ್ನ ಇಟ್ಟಗೊಳ್ಳೂಣು. ಬಿದ್ದದ್ದನ್ನ ತೆಗದು ಒಗಿಯೂಣು."

ನನಗೆ ಹಬ್ಬವಾಯಿತು. ಒಂದು ಸಣ್ಣ ಡಬ್ಬಿಯಂಥ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ತಂದೆ. ಡಿಸೈನ್ ಫೈಲು ಓದಿ ಪಂಚಿಂಗ್ ಯಂತ್ರಕ್ಕೆ ಹೇಳುವ ಒಂದು ಪ್ರೋಗ್ರಾಂ ನಾನೇ ಬರೆದೆ. ಸಂಘ ಹೊಸದೊಂದು ದೊಡ್ಡ ಯುಪಿಎಸ್ ಕೊಡಿಸಿತ್ತು, ಅದನ್ನು ನನ್ನ ಡಬ್ಬಿಗೆ ಕೊಟ್ಟೆ. ಅಕ್ಕ ನೋಡುತ್ತ ನಿಂತಿದ್ದಳು.

"ಹೊಸಾದು ನಿಂದಕ್ಕ, ಹಳೇದು ನಂದಕ್ಕ?"

"ನಿಮ್ಮದು ಹೆಂಗೂ ಹಳೇದಕ್ಕ ಹೊಂದಿಕೊಂಡೈತಲ್ಲ ಅಕ್ಕಾ" ಅಂದೆ.

ಮರುದಿನ ಮುಂಜಾನೆ ಅವಳು ತನ್ನ ಡಬ್ಬಿಗೆ ಕುಂಕುಮ ಹಚ್ಚಿದಳು. ನನ್ನದಕ್ಕೆ ಹಚ್ಚಲಿಲ್ಲ. "ನಿಂದಕ್ಕ ನೀನ ಹಚ್ಚು" ಅಂದಳು. ನಾನು ಹಚ್ಚಲಿಲ್ಲ, ಅದರ ಹಣೆಬರಹ ಅದು ನೋಡಿಕೊಳ್ಳಲಿ ಅಂತ ಬಿಟ್ಟೆ.

ಆ ದಿನಗಳಲ್ಲಿ ನನ್ನ ಡಬ್ಬಿ ಒಮ್ಮೆಯೂ ನಿಲ್ಲಲಿಲ್ಲ. ಹಗಲಿಗೆ ಪಂಚಿಂಗ್, ರಾತ್ರಿಗೆ ಸುಮ್ಮನೆ ಮಿಣಮಿಣ ದೀಪ. ಆರಿಸಿದ್ದೇ ಇಲ್ಲ. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಪೆನ್‌ಡ್ರೈವಿನ ವಿಚಾರಕ್ಕೆ ಮಾತ್ರ ಮನಸ್ಸಿನಲ್ಲಿ ಒಂದು ಮುಳ್ಳಿತ್ತು. ಹಸಿರು ಗೊಂಡೆಯದೊಂದರಲ್ಲಿ ವೈರಸ್ ಇತ್ತು. ನನ್ನ ಲಿನಕ್ಸಿಗೆ ಅದರಿಂದ ಏನೂ ಆಗಲಿಲ್ಲ, ಆದರೆ ಅದೇ ಫೈಲನ್ನು ಅದು ಕೆಂಪು ಗೊಂಡೆಯದಕ್ಕೆ ಸುಖವಾಗಿ ದಾಟಿಸಿಬಿಟ್ಟಿತ್ತು. ತನಗೆ ಜ್ವರ ಬರದ ಮನುಷ್ಯ ಊರಿಗೆಲ್ಲ ಜ್ವರ ಹಂಚಿದ ಹಾಗೆ. ತಪಾಸಣೆಯ ಒಂದು ಪ್ರೋಗ್ರಾಂ ಅದರೊಳಗೆ ಕೂಡಿಸಿ, ಈ ಮಾತನ್ನು ವರದಿಯಲ್ಲಿ ಬರೆಯಬೇಕು ಅಂತ ಇಟ್ಟುಕೊಂಡೆ.

ಅಮಾಸಿ ಹತ್ತಿರ ಬಂದಾಗ ಅಕ್ಕನೇ ಮಾತು ತೆಗೆದಳು. ಕಾರ್ಡುಗಳಿಗೆ ದಾರ ಹಾಕುತ್ತ, ನನ್ನ ಕಡೆ ನೋಡದೆ.

"ತಂಗಿ, ನಿನ್ನ ಮಷಿನ್ ಗೆದ್ದರ ನಾ ಮನಿಗೆ. ಗೊತ್ತೈತಿಲ್ಲ?"

"ಯಾರ ಅಂದ್ರು? ಕಲಸ್ತೀನಿ ನಿಮಗ."

"ನನ್ನ ಸಾಫ್ಟ್‌ವೇರ್ ನಿಂದರಾಗ ಓಡಂಗಿಲ್ಲ ಅಂತ ನೀನ ಹೇಳಿದಿ. ಅಧ್ಯಕ್ಷರು ಮಾತಾಡ್ಯಾರ, ಡಿಸೈನ್ ಇಚಲಕರಂಜಿಯಿಂದ ತರಸ್ತಾರಂತ. ಇಲ್ಲಿ ಬರೇ ತೂತು ಹೊಡಿಯೂದು. ತೂತು ಹೊಡಿಯಾಕ ನಾ ಯಾಕ ಬೇಕು?"

ನನಗೆ ಇದು ಗೊತ್ತಿರಲಿಲ್ಲ. ಖರೆ ಹೇಳಬೇಕೆಂದರೆ ಕೇಳಿರಲಿಲ್ಲ. ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಆವತ್ತಿನಿಂದ ನನ್ನ ಗತಿ ಅದೇ ಆಯಿತು. ನನ್ನದು ಸೋಲಲಿ ಅನ್ನಲು ಮನಸ್ಸು ಬರಲಿಲ್ಲ, ಗೆಲ್ಲಲಿ ಅನ್ನಲು ಬಾಯಿ ಬರಲಿಲ್ಲ. ಬಸ್ಸಿನಲ್ಲಿ ಜಮಖಂಡಿಗೆ ಹೋಗುವಾಗ ಬರುವಾಗ ಅದೇ ಯೋಚನೆ.

ಅಮಾಸಿ ದಿನ ಬನಹಟ್ಟಿಯಲ್ಲಿ ಮಗ್ಗ ನಿಲ್ಲುತ್ತವೆ. ಇಡೀ ಊರಿನ ಖಟಖಟ ಒಮ್ಮೆಲೇ ಬಂದಾದರೆ ಕಿವಿಯೊಳಗೆ ಏನೋ ಕಳೆದುಹೋದಂತೆ ಅನ್ನಿಸುತ್ತದೆ. ನಾನು ಆವರೆಗೆ ಅಮಾಸಿ ದಿನ ಅಲ್ಲಿಗೆ ಹೋದವಳೇ ಅಲ್ಲ, ನನ್ನನ್ನು ಕರೆಸುತ್ತಿದ್ದದ್ದು ಮರುದಿನ. ಪೂಜೆಯಾದ ಮೇಲೆ ಸಂಜೆತನಕ ಶೆಡ್ಡಿನ ಕರೆಂಟು ತೆಗೆಯುತ್ತಾರೆ ಅಂತ ಕೇಳಿದ್ದೆ ಅಷ್ಟೇ. ಈ ಸಲ ನನ್ನ ಡಬ್ಬಿ ಕರೆಂಟು ಇಲ್ಲದೆ ಹೊಸ ಯುಪಿಎಸ್ ಮೇಲೆ ಸಂಜೆತನಕ ಹೇಗೆ ನಿಲ್ಲುತ್ತದೆ ಅಂತ ಕಣ್ಣಾರೆ ನೋಡಬೇಕು ಅಂತ ಹೋದೆ.

ಮಧ್ಯಾಹ್ನ ಶೆಡ್ಡಿನ ಮುಂದೆ ಪೂಜೆಗೆ ಎಲ್ಲರೂ ಕೂಡಿದರು. ಅಕ್ಕ ತನ್ನ ಕಂಪ್ಯೂಟರಿಗೆ ಬಂದ್ ಆಗು ಅಂತ ಹೇಳಿ, ಮಾನಿಟರಿನ ಬಟನ್ ಒತ್ತಿ ಆರಿಸಿ, ಚೀಲ ಹೆಗಲಿಗೇರಿಸಿ ನಡೆದಳು. ನಾನು ಮೇಜಿನ ಕೆಳಗೆ ಕೂತು ನನ್ನ ಡಬ್ಬಿಯ ವೈರು ನೋಡುತ್ತಿದ್ದೆ. ಕಾವಲಿನ ಕಾಕಾ ಬಂದು ಇಣುಕಿ, ಯಾರೂ ಇಲ್ಲ ಅಂತ ತಿಳಿದು ಹೋದ. ಕಾಕಾನ ಕಿವಿ ಮಗ್ಗದ ಸಪ್ಪಳಕ್ಕೆ ಎಂದೋ ಹೋಗಿವೆ, ನಾನು "ಇದೀನ್ರಿ" ಅಂದದ್ದು ಅವನಿಗೆ ಮುಟ್ಟಲಿಲ್ಲ. ಮುಂದೆ ಕಾಯಿ ಒಡೆದ ಸಪ್ಪಳ, ಶಟರ್ ಇಳಿದ ಸಪ್ಪಳ. ತಲೆಯ ಮೇಲಿನ ಫ್ಯಾನು ನಿಧಾನಕ್ಕೆ ನಿಂತಿತು.

ಒದರಿದೆ, ಶಟರ್ ಬಡಿದೆ. ಜನ ಎಲ್ಲ ಹೋಳಿಗೆ ಊಟಕ್ಕೆ ಮನೆ ಮುಟ್ಟಿದ್ದರು. ಅಧ್ಯಕ್ಷರಿಗೆ ಫೋನ್ ಹಚ್ಚಿದೆ. ಅವರು ಬಾಯಲ್ಲಿ ತುತ್ತಿಟ್ಟುಕೊಂಡೇ, "ಯವ್ವಾ, ಒಳಗ ಹ್ಯಾಂಗ ಉಳಿದಿ? ತಡೀ, ಕಾಕಾನ ಕಡೆ ಯಾರನ್ನರ ಕಳಸ್ತೀನಿ" ಅಂದರು. ಸ್ವಲ್ಪ ಹೊತ್ತಿಗೆ ಓಣಿಯ ಕಡೆಯ ಕಿಟಕಿಯ ಸರಳಿನ ಹಿಂದೆ ಕಾಕಾನ ಮುಖ ಕಂಡಿತು.

"ಕಾಕಾ, ಶಟರ್ ತೆಗೀರಿ!" ಅಂತ ಕೈಯಿಂದ ಎತ್ತಿ ತೋರಿಸುತ್ತ ಒದರಿದೆ.

"ಪೂಜಿ ಆಗೇತ್ರಿ ಬಾಯಾರ. ಕೀಲಿಗೆ ಕುಂಕುಮ ಹಚ್ಚೇನಿ. ಇನ್ನ ದೀಪಾ ಹಚ್ಚೂತನಕ ತೆಗಿಯಾಂಗಿಲ್ರಿ."

"ಅಯ್ಯ, ಮನುಷ್ಯಾರು ಒಳಗ ಅದಾರಂತೀನಿ!"

"ಹಿಂದಕ ಒಮ್ಮೆ ತೆಗದಿದ್ರು. ಆವತ್ತ ಸಂಜಿಕ ಬೆಂಕಿ ಬಿತ್ತು. ನನ್ನ ಮಗ್ಗಾನ ಮೊದಲ ಸುಟ್ಟದ್ದು. ಅದಕ್ಕ ಈಗ ಕೀಲಿ ಕಾಯಾಂವ ಆಗೇನಿ." ಅವನು ಜೋರಾಗಿ, ಆದರೆ ಮರ್ಯಾದೆಯಿಂದಲೇ ಹೇಳಿದ. "ಕುಡಿಯಾಕ ನೀರು ತರ್ಲ್ಯಾ?"

ಮತ್ತೆ ಅಧ್ಯಕ್ಷರಿಗೆ ಫೋನು. "ಹಿಂದಿನಿಂದ ಬಂದ ಪದ್ಧತಿ ತಂಗಿ, ನಾ ಮುರದ್ರ ನಾಳಿ ಮಂದಿ ನನ್ನ ಮುರೀತಾರ. ಸಂಜಿತನಕ ಅಷ್ಟ. ಫ್ಯಾನಿಲ್ಲಲ್ಲ, ಕಿಟಕಿ ಕಡೆ ಕೂಡು." ಸಿಟ್ಟಿಗೆ ಫೋನ್ ಗೋಡೆಗೆ ಒಗೆಯಬೇಕು ಅನ್ನಿಸಿತು. ಒಗೆದರೆ ಅದೂ ಹೋಗುತ್ತದೆ ಅಂತ ಸುಮ್ಮನಾದೆ.

ಆಗ ಕೇಳಿಸಿತು. ಪೀ. ಬಿಟ್ಟು ಬಿಟ್ಟು, ಪೀ. ಅಕ್ಕನ ಹಳೆ ಯುಪಿಎಸ್ಸು ಕರೆಂಟು ಇಲ್ಲ ಅಂತ ಅಳುತ್ತಿತ್ತು. ಬಂದ್ ಆದ ಕಂಪ್ಯೂಟರಿಗೆ ಯುಪಿಎಸ್ ಇದ್ದರೆಷ್ಟು ಬಿಟ್ಟರೆಷ್ಟು ಅಂದುಕೊಂಡು ಅದನ್ನು ಆರಿಸಲು ಬಗ್ಗಿದೆ. ಅವಳ ಕಂಪ್ಯೂಟರಿನ ಡಬ್ಬಿಯ ಮೇಲಿನ ಕೆಂಪು ದೀಪ ಮಿಟುಕುತ್ತಿತ್ತು. ಒಳಗೆ ಡಿಸ್ಕು ಓಡುತ್ತಿತ್ತು. ಕಂಪ್ಯೂಟರ್ ಬಂದ್ ಆಗಿರಲೇ ಇಲ್ಲ. ಮಾನಿಟರ್ ಹಚ್ಚಿದೆ. ಅಪ್‌ಡೇಟ್ ನಡೆದಿದೆ, ಕಂಪ್ಯೂಟರ್ ಆರಿಸಬೇಡಿ ಅಂತ ತೆರೆಯ ಮೇಲೆ ಬರೆದಿತ್ತು. ಕೆಲಸ ಅರ್ಧವೂ ಆಗಿರಲಿಲ್ಲ.

ಕೂತಲ್ಲೇ ಕೂತೆ. ಎಲ್ಲ ಒಂದೇ ಏಟಿಗೆ ತಿಳಿಯಿತು. ಅಕ್ಕ ತಿಂಗಳಿಡೀ ಕಂಪ್ಯೂಟರ್ ಪೂರಾ ಬಂದ್ ಮಾಡುವುದೇ ಇಲ್ಲ, ಸಂಜೆಗೆ ನಿದ್ದೆಗೆ ಕಳಿಸಿ ಹೋಗುತ್ತಾಳೆ. ಮುಂಜಾನೆ ಬಟನ್ ಒತ್ತಿ ಎಬ್ಬಿಸುತ್ತಾಳೆ. ಅರ್ಧ ಪಂಚ್ ಆದ ಡಿಸೈನು ತೆರೆದಿರುತ್ತದೆ ಅಂತ ಮರುಚಾಲನೆಗೂ ಬಿಡುವುದಿಲ್ಲ. ಮಗ್ಗಕ್ಕೆ ಬಿಡುವು ಅಮಾಸಿಗೆ, ಕಂಪ್ಯೂಟರಿಗೂ ಅಮಾಸಿಗೇ. ನಾನು ತಾನಾಗಿಯೇ ಆಗಲಿ ಅಂತ ಮಾಡಿಟ್ಟ ಅಪ್‌ಡೇಟುಗಳು ತಿಂಗಳಿಡೀ ಸಾಲುಗಟ್ಟಿ ನಿಂತು, ಅವಳು ಬಂದ್ ಅಂದ ತಕ್ಷಣ ಎಲ್ಲ ಒಮ್ಮೆಲೇ ಒಳಗೆ ನುಗ್ಗುತ್ತವೆ. ಅವಳು ಮಾನಿಟರ್ ಆರಿಸಿ ಹೋಗುವುದರಿಂದ ಅದು ಯಾರಿಗೂ ಕಾಣುವುದಿಲ್ಲ. ಅಷ್ಟರಲ್ಲಿ ಕಾಕಾ ಕಾಯಿ ಒಡೆದು ಮೇನ್ ಸ್ವಿಚ್ ಇಳಿಸುತ್ತಾನೆ. ಹಳೆ ಯುಪಿಎಸ್ ಖಾಲಿ ಶೆಡ್ಡಿನಲ್ಲಿ ಅತ್ತು ಅತ್ತು ಸಾಯುತ್ತದೆ. ಅರ್ಧ ಬದಲಾದ ವಿಂಡೋಸ್ ಮರುದಿನ ಹೇಗೆ ಏಳಬೇಕು? ಇದರಲ್ಲಿ ವಿಂಡೋಸಿನದೇನು ತಪ್ಪು, ಅಕ್ಕನದೇನು ತಪ್ಪು?

ಕಿಟಕಿಗೆ ಓಡಿ ಕಾಕಾನನ್ನು ಕರೆದೆ. ಕನಿಷ್ಠ ಮೇನ್ ಸ್ವಿಚ್ಚಾದರೂ ಹಚ್ಚು ಅಂತ ಕೈಸನ್ನೆ ಮಾಡಿ ತಿಳಿಸಿದೆ. ಶಟರಿನ ಹೊರಗಿನ ಪೆಟ್ಟಿಗೆಯಲ್ಲೇ ಅದು ಇದ್ದದ್ದು. ಅವನು ಎರಡೂ ಕೈ ಜೋಡಿಸಿ, ಅದಕ್ಕೂ ಕುಂಕುಮ ಹಚ್ಚಿಯಾಗಿದೆ ಅಂತ ಹಣೆ ಮುಟ್ಟಿ ತೋರಿಸಿ ನಡೆದುಬಿಟ್ಟ. ಹುಚ್ಚು ಬಿಡೂತನಕ ಮದುವಿ ಆಗಂಗಿಲ್ಲ, ಮದುವಿ ಆಗೂತನಕ ಹುಚ್ಚು ಬಿಡಂಗಿಲ್ಲ. ದೀಪ ಹಚ್ಚುವತನಕ ಕರೆಂಟು ಇಲ್ಲ, ದೀಪ ಹಚ್ಚುವತನಕ ಆ ಯುಪಿಎಸ್ ಉಳಿಯುವುದಿಲ್ಲ. ನಾನು ಕೋಣೆಯ ನಡುವೆ ನಿಂತು ಬೆವರುತ್ತಿದ್ದೆ.

ಅಷ್ಟರಲ್ಲಿ ಕಿಟಕಿಗೆ ಅಕ್ಕ ಬಂದಳು. ಸುದ್ದಿ ಅವಳಿಗೂ ಮುಟ್ಟಿತ್ತು. ಸೆರಗಿನಲ್ಲಿ ಡಬ್ಬಿ, ಡಬ್ಬಿಯಲ್ಲಿ ಹೋಳಿಗೆ. ಡಬ್ಬಿ ಸರಳಿನೊಳಗೆ ತೂರಲಿಲ್ಲ. ಹೋಳಿಗೆಯನ್ನೇ ಮಡಚಿ ಮಡಚಿ ಒಂದೊಂದಾಗಿ ಕೊಟ್ಟಳು. ತುಪ್ಪ ನನ್ನ ಮೊಳಕೈತನಕ ಇಳಿಯಿತು.

"ಅದೇನ ಕುಂಯ್‌ಗುಡಾಕತ್ತೈತಿ ತಂಗಿ ಒಳಗ?"

"ನಿಮ್ಮ ಯುಪಿಎಸ್ಸು ಅಕ್ಕಾ."

"ಮತ್ತ ನಿಂದು?"

"ನಂದು ಸುಮ್ಮನ ಐತಿ."

ಅವಳು ತಲೆ ಅಲ್ಲಾಡಿಸಿದಳು. "ನಾಳಿ ನಂದು ಏಳಂಗಿಲ್ಲ, ನನಗ ಗೊತ್ತೈತಿ. ನೀ ಏನ ಮಾಡ್ತಿ, ಅದರ ಹಣೇಬಾರ. ಇಚಲಕರಂಜಿಯವರು ನವಿಲ ತೆಗದ್ರ ಕೊಕ್ಕು ಉದ್ದ ಮಾಡ್ತಾರ, ನಮ್ಮ ಅಂಚಿಗೆ ಅದು ಹೊಂದಂಗಿಲ್ಲ. ಒಂದೀಟು ಹೇಳು ಅವರಿಗೆ." ಆಮೇಲೆ ಇನ್ನೊಂದು ಹೋಳಿಗೆ ಒಳಗೆ ತೂರಿಸಿದಳು. "ಇದೂ ತಗೋ. ಸಂಜಿತನಕ ಹಸ್ತಿ."

ನನ್ನ ಮೇಲೆ ಅವಳು ಕೂಗಾಡಿದ್ದರೆ ನನಗೆ ತಡೆದುಕೊಳ್ಳಲು ಬರುತ್ತಿತ್ತು. ಹೋಳಿಗೆಗಳನ್ನು ಒಂದು ರಟ್ಟಿನ ಕಾರ್ಡಿನ ಮೇಲೆ ಇಟ್ಟೆ. ಅವಳು ಹೋದ ಮೇಲೆ ಕಣ್ಣು ಒರೆಸಿಕೊಂಡೆ, ಕಣ್ಣಿಗೂ ತುಪ್ಪ ಹತ್ತಿತು.

ಪೀ ಪೀ ಈಗ ಒತ್ತೊತ್ತಾಗಿ ಬರುತ್ತಿತ್ತು. ಬ್ಯಾಟರಿ ತಳ ಕಾಣುತ್ತಿದೆ ಅಂತ ಅದರ ಅರ್ಥ. ಸುಮ್ಮನೆ ಕಿಟಕಿ ಕಡೆ ಕೂತರೆ ಸಾಕಿತ್ತು, ನಾಳೆ ನಾನು ಗೆಲ್ಲುತ್ತಿದ್ದೆ. ಯಾರೂ ನನಗೆ ಏನೂ ಅನ್ನುವಂತಿರಲಿಲ್ಲ. ಆ ಆಸೆ ಮನಸ್ಸಿಗೆ ಬರಲಿಲ್ಲ ಅಂದರೆ ಸುಳ್ಳು. ಬಂತು, ಬಂದು ಸ್ವಲ್ಪ ಹೊತ್ತು ಕೂತೂಬಿಟ್ಟಿತು. ಆದರೆ ಒಂದು ಮಾತು ತಲೆ ತಿನ್ನುತ್ತಿತ್ತು: ಇದು ಪರೀಕ್ಷೆಯೇ ಅಲ್ಲ. ಒಬ್ಬಳ ಕಾಲಿಗೆ ಹಗ್ಗ ಕಟ್ಟಿ ಇಬ್ಬರನ್ನೂ ಓಡಿಸಿ, ನೋಡ್ರಿ ಇಕಿ ಬಿದ್ದಳು ಅನ್ನುವುದು ಪರೀಕ್ಷೆಯೇ? ಹೊಸ ಯುಪಿಎಸ್ಸನ್ನು ನನ್ನ ಡಬ್ಬಿಗೆ ಕೊಟ್ಟವಳು ನಾನೇ.

ಓಡುತ್ತಿರುವ ಕಂಪ್ಯೂಟರಿನ ವೈರನ್ನು ಒಂದು ಯುಪಿಎಸ್ಸಿನಿಂದ ಕಿತ್ತು ಇನ್ನೊಂದಕ್ಕೆ ಹಾಕಲು ಬರುವುದಿಲ್ಲ, ಕಿತ್ತ ಕ್ಷಣ ಅದು ಸಾಯುತ್ತದೆ. ಇದ್ದದ್ದು ಒಂದೇ ದಾರಿ. ಹಳೆ ಯುಪಿಎಸ್ಸಿನ ಪ್ಲಗ್ಗನ್ನೇ ಹೊಸ ಯುಪಿಎಸ್ಸಿನ ಸಾಕೆಟ್ಟಿಗೆ ಚುಚ್ಚಬೇಕು, ಅದು ಕರೆಂಟು ಬಂತು ಅಂತ ಮೋಸ ಹೋಗಬೇಕು. ಹೀಗೆ ಮಾಡಬೇಡಿ ಅಂತಲೇ ನಾನು ಊರಿಗೆಲ್ಲ ಹೇಳುವವಳು. ಮೇಲಾಗಿ ದೊಡ್ಡ ಕಂಪ್ಯೂಟರಿನ ಭಾರ ಬಿದ್ದರೆ ಹೊಸ ಬ್ಯಾಟರಿ ಸಂಜೆ ಕಾಣುವುದಿಲ್ಲ, ಆಗ ನನ್ನ ಡಬ್ಬಿಯೂ ಅರ್ಧಕ್ಕೇ ಕತ್ತು ಹಿಸುಕಿದಂತೆ ಸಾಯುತ್ತದೆ. ಹಾಗೆ ಸಾಯುವುದಕ್ಕಿಂತ ಅದನ್ನು ಮೊದಲೇ ಸರಿಯಾಗಿ ಮಲಗಿಸಬೇಕು. ಮಲಗಿಸಿದರೆ, ಒಮ್ಮೆಯೂ ನಿಲ್ಲದ ಡಬ್ಬಿ ಅನ್ನುವ ನನ್ನ ಮಾತು ಮುಗಿಯಿತು.

ಬಂದ್ ಆಗುವ ಆದೇಶ ಕೊಟ್ಟೆ. ಹಸಿರು ದೀಪ ಆರಿತು. ನನ್ನ ಡಬ್ಬಿಯ ಪ್ಲಗ್ಗು ಕಿತ್ತು ಅಕ್ಕನ ಯುಪಿಎಸ್ಸಿನ ಪ್ಲಗ್ಗು ಚುಚ್ಚಿದೆ.

ಹಿಡಿಯಲಿಲ್ಲ. ಟಕ್ ಟಕ್ ಅಂತ ಒಳಗೆ ಏನೋ ಒದ್ದಾಡಿತು, ಪೀ ನಿಲ್ಲಲಿಲ್ಲ, ಹೊಸದೂ ಬೇರೆ ದನಿಯಲ್ಲಿ ಒದರಲು ಶುರುಮಾಡಿತು. ಭಾರ ಜಾಸ್ತಿಯಾಗಿದೆ ಅಂತ ಹೊಳೆದು ಪ್ರಿಂಟರ್ ಕಿತ್ತೆ, ಪಂಚಿಂಗ್ ಯಂತ್ರದ ವೈರು ಕಿತ್ತೆ, ಕಡೆಗೆ ಮಾನಿಟರನ್ನೂ ಕಿತ್ತೆ. ಪ್ಲಗ್ಗು ತೆಗೆದು ಮತ್ತೆ ಚುಚ್ಚಿದೆ. ಟಕ್. ಪೀ ನಿಂತಿತು.

ಈಗ ನೋಡಲು ತೆರೆಯೂ ಇಲ್ಲ. ಆ ಕೆಂಪು ದೀಪ ಒಂದೇ. ನೆಲದ ಮೇಲೆ ಕೂತು ಅದನ್ನೇ ನೋಡಿದೆ. ಮಿಟುಕಿದರೆ ಓಡುತ್ತಿದೆ ಅಂತ ಅರ್ಥ. ಒಮ್ಮೆ ಬಹಳ ಹೊತ್ತು ಮಿಟುಕಲಿಲ್ಲ, ಡಬ್ಬಿಗೆ ಕಿವಿ ಹಚ್ಚಿದೆ. ಮತ್ತೆ ಮಿಟುಕಿತು. ಹೊರಗೆ ಊರು ಸ್ತಬ್ಧ, ಒಳಗೆ ಸೆಕೆ, ಶಟರಿನ ಆಚೆ ಪೂಜೆಯಾದ ಕೀಲಿ. ಕಿಟಕಿಯ ಬಿಸಿಲು ಗೋಡೆ ಹತ್ತಿ ತೆಳ್ಳಗಾಗುವ ಹೊತ್ತಿಗೆ ಕಂಪ್ಯೂಟರ್ ತಾನಾಗಿಯೇ ಉಸ್ ಅಂತ ನಿಂತಿತು. ದೀಪ ಆರಿತು. ನನ್ನ ಹೊಟ್ಟೆಯಲ್ಲಿ ಆಗ ಹಸಿವೆ ಹುಟ್ಟಿತು, ಉಳಿದ ಹೋಳಿಗೆಯೆಲ್ಲ ತಿಂದೆ.

ದೀಪ ಹಚ್ಚಿದ ಮೇಲೆ ಕಾಕಾ ಶಟರ್ ಎತ್ತಿ, "ಸಿಟ್ಟಾಗಬ್ಯಾಡ್ರಿ ಬಾಯಾರ" ಅಂದ. ಸಿಟ್ಟಾಗುವಷ್ಟು ಜೀವ ನನ್ನಲ್ಲಿ ಉಳಿದಿರಲಿಲ್ಲ, ಕೊನೆಯ ಬಸ್ಸಿನ ಚಿಂತೆಯಲ್ಲಿ ಓಡಿದೆ. ಕಿತ್ತ ವೈರುಗಳಲ್ಲಿ ಮಾನಿಟರಿನದು, ಪಂಚಿಂಗಿನದು ಹಾಕಿ, ನನ್ನ ಡಬ್ಬಿಯ ಪ್ಲಗ್ಗನ್ನು ಸಿಕ್ಕ ಸಾಕೆಟ್ಟಿಗೆ ಚುಚ್ಚಿದ್ದೆ. ಅಕ್ಕನ ಯುಪಿಎಸ್ಸಿನ ಪ್ಲಗ್ಗು ಮಾತ್ರ ಹೊಸದರಲ್ಲೇ ಉಳಿಯಿತು.

ಮರುದಿನ ಮುಂಜಾನೆ ನಾನು ಅಲ್ಲಿ ಮುಟ್ಟುವ ಮೊದಲೇ ಅಧ್ಯಕ್ಷರು, ಸಮಿತಿಯವರು ಕೋಣೆಯಲ್ಲಿ ಕೂಡಿದ್ದರು. ಅಕ್ಕ ಕುಂಕುಮ ಹಚ್ಚಿ ಬಟನ್ ಒತ್ತಿದಳು. ಒತ್ತಿ ಕಣ್ಣು ಮುಚ್ಚಿದಳು. ಕಂಪ್ಯೂಟರ್ ಸ್ವಲ್ಪ ಹೊತ್ತು ಗುಣುಗುಣು ಅಂದು, ತೆರೆದುಕೊಂಡಿತು. ನವಿಲು ಬಂತು. ಅವಳು ಕಣ್ಣು ತೆರೆದು, ಅದು ಖರೆಯೋ ಅಂತ ತೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ನಿಂದು ಚಾಲು ಮಾಡು ತಂಗಿ" ಅಂದರು ಅಧ್ಯಕ್ಷರು.

ಚಾಲು ಮಾಡಿದೆ. ಡಬ್ಬಿ ಎದ್ದಿತು. ಪಂಚಿಂಗ್ ಯಂತ್ರ ಮಾತ್ರ ಗಪ್‌ಚಿಪ್. ಒಂದೇ ಕ್ಷಣಕ್ಕೆ ನನಗೆ ಗೊತ್ತಾಯಿತು. ನನ್ನ ಪ್ರೋಗ್ರಾಮನ್ನು ಮೊದಲ ದಿನ ಕೈಯಿಂದ ಚಾಲು ಮಾಡಿದ್ದೆ, ಡಬ್ಬಿ ಏಳುವಾಗ ಅದೂ ತಾನಾಗಿ ಏಳಬೇಕು ಅಂತ ಎಲ್ಲೂ ಹೇಳಿರಲಿಲ್ಲ. ಆರಿಸದೇ ಇದ್ದಷ್ಟು ದಿನ ಅದು ಯಾರಿಗೂ ಕಾಣಲಿಲ್ಲ. ನಾನು ಸ್ಥಿರತೆ ಸ್ಥಿರತೆ ಅಂತ ಕುಣಿದದ್ದು ಆರಿಸದ ದೀಪದ ಸುದ್ದಿ, ಆರಿಸಿ ಹಚ್ಚಿ ನೋಡಿದ್ದಲ್ಲ. ಬಗ್ಗಿ ಟೈಪ್ ಮಾಡಲು ಹೋದೆ, ಗಡಿಬಿಡಿಯಲ್ಲಿ ಎರಡು ಸಲ ತಪ್ಪಿತು. ಹಿಂದಿನಿಂದ ಯಾರೋ ನಕ್ಕರು.

"ಬಿತ್ತಲ್ಲೋ ಇದು!" ಅಂದರು ಅಧ್ಯಕ್ಷರು. "ನಿಂತಿದ್ದು ಹಳೇದ. ಎತ್ತಿ ಒಗೀರಿ ಇದನ್ನ."

"ಹಂಗಲ್ರಿ, ತಪ್ಪು ಮೇನ್ ಸ್ವಿಚ್ಚಿಂದು, ಅಮಾಸಿ ದಿನ..." ಅಂತ ಶುರುಮಾಡಿದೆ.

"ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಲಂತ" ಅಂದರು ಸಮಿತಿಯ ಹಿರಿಯರೊಬ್ಬರು. ಎಲ್ಲರೂ ನಕ್ಕರು. ನಾನು ಅಕ್ಕನಿಗೆ ಅಂದ ಮಾತೇ ನನಗೆ ತಿರುಗಿ ಬಂದಿತ್ತು. ಅಕ್ಕನ ಕುರ್ಚಿ ಉಳಿಯಿತಲ್ಲ, ಬಿಡು ಅಂತ ಬ್ಯಾಗಿಗೆ ಕೈ ಹಾಕಿದೆ.

ಅಕ್ಕ ಮೇಜಿನ ಕೆಳಗೆ ಬಗ್ಗಿದ್ದಳು. ತನ್ನ ಹಳೆ ಯುಪಿಎಸ್ಸಿನ ವೈರು ಹಿಡಿದು ಕೈಯಿಂದ ಸವರುತ್ತ ಸವರುತ್ತ ಅದು ಎಲ್ಲಿಗೆ ಹೋಗಿದೆ ಅಂತ ನೋಡಿದಳು. ಅದು ಹೋದದ್ದು ಗೋಡೆಗಲ್ಲ, ನನ್ನ ಹೊಸ ಯುಪಿಎಸ್ಸಿಗೆ. ಪಕ್ಕದಲ್ಲಿ ನನ್ನ ಡಬ್ಬಿಯ ಪ್ಲಗ್ಗು ಸಿಕ್ಕಲ್ಲಿ ಚುಚ್ಚಿಕೊಂಡಿತ್ತು. ಸಾಕೆಟ್ಟಿನ ಸುತ್ತ ತುಪ್ಪದ ಬೆರಳಿನ ಗುರುತು. ಅವಳು ನನ್ನ ಮುಖ ನೋಡಿದಳು. ನಾನು ಬೇಡ ಅಂತ ತಲೆ ಅಲ್ಲಾಡಿಸಿದೆ.

ಅವಳು ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರಲಿಲ್ಲ. ಸೊಂಟ ಹಿಡಿದು ಎದ್ದು ನಿಂತಳು.

"ಅಕಿದು ಬಿದ್ದಿಲ್ರಿ."

"ಕಣ್ಣಿಗೆ ಕಾಣಾಕತ್ತೈತಲ್ಲ ಬಿದ್ದದ್ದು?"

"ಬಿದ್ದಿಲ್ರಿ. ಅಕೀನ ಮಲಗಿಸ್ಯಾಳ. ನಂದು ಉಳಿಲಿ ಅಂತ ಅದರ ಕರೆಂಟು ತೆಗದು ನಂದಕ್ಕ ಹಾಕ್ಯಾಳ. ಇಲ್ಲಿ ಬಗ್ಗಿ ನ್ವಾಡ್ರಿ. ನಿನ್ನೆ ನೀವೆಲ್ಲಾ ಕೀಲಿ ತೆಗಿಯಾಂಗಿಲ್ಲ ಅಂದ್ರಿ, ಅಕಿ ಒಳಗ ಕುಂತು ಇದನ್ನ ಮಾಡ್ಯಾಳ." ಅವಳು ತನ್ನ ಡಬ್ಬಿಯ ಮೇಲೆ ಕೈ ಇಟ್ಟಳು. "ಅಕಿದು ಒಗಿಯೂದಾದ್ರ ನಂದೂ ಒಗೀರಿ."

ಅಧ್ಯಕ್ಷರು ಖರೇನೇ ಬಗ್ಗಿದರು, ಧೋತರ ಸಾವರಿಸಿಕೊಂಡು. ಎದ್ದವರು, "ಮೇನ್ ಸ್ವಿಚ್ಚಿಂದು ಏನಂದಿ? ಮೊದಲಿಂದ ಹೇಳು" ಅಂದರು. ಮೊದಲಿಂದ ಹೇಳಿದೆ. ಪೆನ್‌ಡ್ರೈವಿನ ಜ್ವರದ ಮಾತನ್ನೂ ಹೇಳಿದೆ.

ಆವತ್ತು ಬರೆದ ವರದಿಯಲ್ಲಿ ಗೆದ್ದವರ ಹೆಸರಿಲ್ಲ. ಗೊಂಡೆಯ ಪೆನ್‌ಡ್ರೈವು ಯಾವುದೇ ಬಂದರೂ ಮೊದಲು ಲಿನಕ್ಸಿಗೆ, ಅಲ್ಲಿ ತಪಾಸಣೆ. ಶುದ್ಧವಾದ ಫೈಲು ಮಾತ್ರ ಅಕ್ಕನ ವಿಂಡೋಸಿಗೆ. ಡಿಸೈನು ಅವಳದು, ತೂತು ಹೊಡೆಯುವುದು ನನ್ನ ಡಬ್ಬಿಯದು. ಎರಡನ್ನೂ ವಾರಕ್ಕೊಮ್ಮೆ ಆರಿಸಿ ಹಚ್ಚಿ ನೋಡಬೇಕು. ಇಚಲಕರಂಜಿಯ ಮಾತು ಅಲ್ಲಿಗೆ ನಿಂತಿತು.

ಕಾಕಾಗೆ ಪದ್ಧತಿ ಬಿಡು ಅಂತ ಯಾರೂ ಹೇಳಲಿಲ್ಲ. ಸುಟ್ಟ ಮಗ್ಗದ ಎದುರು ಯಾವ ಮುಖ ಇಟ್ಟುಕೊಂಡು ಹೇಳುವುದು? ಮುಂದಿನ ಅಮಾಸಿಗೆ ನಾನು ಮತ್ತೆ ಹೋದೆ. ಶೆಡ್ಡಿನ ಮುಂದೆ ಅಧ್ಯಕ್ಷರು, ಸಮಿತಿ ಎಲ್ಲ ಬಿಸಿಲಲ್ಲಿ ನಿಂತಿದ್ದರು, ಆರತಿ ತಟ್ಟೆಯಲ್ಲಿ ಕರ್ಪೂರ ಕರಗಿ ಮುಗಿಯಲು ಬಂದಿತ್ತು. ಕಾಕಾ ಕಾಯಿ ಎತ್ತಿ ಹಿಡಿದುಕೊಂಡೇ ಒಳಗೆ ಒದರಿದ.

"ಅಕ್ಕಾರ, ಆತೇನ್ರಿ?"

"ತಡೀ ಕಾಕಾ, ಇನ್ನೂ ಆರಿಸಬ್ಯಾಡ ಅನ್ನಾಕತ್ತೈತಿ!"

ಅವನಿಗೆ ಕೇಳಿಸಲಿಲ್ಲ. ನಾನು ಅವನ ಕೈ ಹಿಡಿದು ನಿಲ್ಲಿಸಿದೆ. ಎಲ್ಲರೂ ಕಾದರು. ಕಡೆಗೆ ಅಕ್ಕ ಬಾಗಿಲಿಗೆ ಬಂದು ಎರಡೂ ಅಂಗೈ ಕೆನ್ನೆಗಿಟ್ಟು, ಎರಡೂ ಮಲಗಿದವು ಅಂತ ಸನ್ನೆ ಮಾಡಿದಳು. ಕಾಯಿ ಒಡೆಯಿತು. ಶಟರ್ ಇಳಿಸುವ ಮೊದಲು ನಾನು ಒಮ್ಮೆ ಒಳಗೆ ಇಣುಕಿದೆ. ನನ್ನ ಡಬ್ಬಿಯ ಹಣೆಯ ಮೇಲೂ ಕುಂಕುಮ ಇತ್ತು, ಇನ್ನೂ ಹಸಿ.

ಕಾಕಾ ಕೀಲಿ ಕೈಯಲ್ಲಿ ಹಿಡಿದು, ಓಣಿಯ ಕಿಟಕಿಗೆ ಸುತ್ತಿ ಹೋಗಿ, ಖಾಲಿ ಕೋಣೆಯೊಳಗೆ ಬಾಯಿಟ್ಟು ಗಂಟಲು ಹರಿಯುವ ಹಾಗೆ ಕೂಗಿದ: "ಬಾಯಾರ, ಒಳಗ ಅದೀರೇನ್ರಿ?"

ನಾನು ಅವನ ಬೆನ್ನ ಹಿಂದೆಯೇ ನಿಂತಿದ್ದೆ. "ಇಲ್ರಿ ಕಾಕಾ, ಹೊರಗ ಅದೀನಿ" ಅಂದೆ. ಅದೂ ಅವನಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಕೂಗಿದ.